ಹಸಿದ ಸುತ್ತಿಗೆ

ನಮ್ಮ ಮನೆಯಲ್ಲಿ ಎರಡು ಒಲೆಗಳಿದ್ದವು. ಒಂದು ಸರಕಾರಕ್ಕೆ, ಇನ್ನೊಂದು ನಮಗೆ. ಸರಕಾರದ ಒಲೆ ಪಡಸಾಲೆಗೆ ಕಾಣುವಂತೆ ಅಡುಗೆಮನೆಯ ಮುಂದಿನ ಮೂಲೆಯಲ್ಲಿತ್ತು. ಅದರಲ್ಲಿ ಅವ್ವ ಸಗಣಿಯ ಕುಳ್ಳು ಉರಿಸುತ್ತಿದ್ದಳು. ಅದರ ಹೊಗೆ ಬೂದುಬಣ್ಣದ್ದು, ಬಡ ಹೊಗೆ, ಪ್ರಾಮಾಣಿಕ ಹೊಗೆ. ನಮ್ಮ ಒಲೆ ದನದ ಕೊಟ್ಟಿಗೆಯ ಹಿಂದೆ, ಮೂರು ಕಡೆ ಗೋಡೆ ಎತ್ತಿದ ಗೂಡಿನಲ್ಲಿತ್ತು. ಅಲ್ಲಿ ಉರಿಯುತ್ತಿದ್ದುದು ಸಾಗವಾನಿಯ ಚಕ್ಕೆ, ಮತ್ತಿಯ ಕೊರಡು. ರೊಟ್ಟಿ ಬೇಯುತ್ತಿದ್ದುದೂ ಅಲ್ಲಿಯೇ. ಮುಂದಿನ ಒಲೆಯ ಮೇಲೆ ಒಂದು ಗಡಿಗೆ ನೀರು ದಿನವಿಡೀ ಸುಮ್ಮನೆ ಬೆಚ್ಚಗೆ ಕುಳಿತಿರುತ್ತಿತ್ತು, ಕಚೇರಿಯಲ್ಲಿ ಕುಳಿತ ಕಾರಕೂನನ ಹಾಗೆ. ಯಾಕೆಂದರೆ ನನ್ನ ಅಪ್ಪ ರುದ್ರಪ್ಪ ಜಂಗಲ್ ಗಾರ್ಡ್. ಕಿತ್ತೂರಿನಿಂದ ಪಡುವಣಕ್ಕೆ, ಬಯಲು ಮುಗಿದು ಅಡವಿ ಶುರುವಾಗುವ ಅಂಚಿನಲ್ಲಿ ನಮ್ಮ ಊರು. ಆ ಅಡವಿಯನ್ನು ಕಳ್ಳರಿಂದ ಕಾಯಲು ಸರಕಾರ ಅಪ್ಪನಿಗೆ ಒಂದು ಖಾಕಿ ಅಂಗಿ, ಒಂದು ಸೊಂಟದ ಪಟ್ಟಿ, ಒಂದು ಸುತ್ತಿಗೆ ಕೊಟ್ಟಿತ್ತು. ಅಪ್ಪನಿಂದ ಕಾಯಲು ಯಾರಿಗೂ ಏನೂ ಕೊಟ್ಟಿರಲಿಲ್ಲ.

ಮನೆಯೊಳಗಿನ ಯಾವ ವಸ್ತುವನ್ನು ಕೆರೆದರೂ ಅಡವಿ ಕಾಣುತ್ತಿತ್ತು. ತೊಲೆ ಸಾಗವಾನಿ, ಮಸಿ ಬಳಿದು ಜಾಲಿ ಮಾಡಿದ್ದು. ಅಜ್ಜಿಯ ಹೊರಸಿನ ಕಾಲು ಬೀಟೆ, ಸಗಣಿ ಸಾರಿಸಿ ಬೇವು ಮಾಡಿದ್ದು. ನಾನು ಹುಟ್ಟಿದಾಗ ಮಲಗಿದ ತೊಟ್ಟಿಲಿಗೆ ಮಾತ್ರ ಕೆಮ್ಮಣ್ಣು ಬಳಿದಿದ್ದರಂತೆ. ಅಂದರೆ ನಾನು ಕಣ್ಣು ಬಿಡುವ ಮೊದಲೇ ಕಳ್ಳಮಾಲಿನ ಮೇಲೆ ಉಚ್ಚೆ ಹೊಯ್ದವನು. ಪಡಸಾಲೆಯ ಗೋಡೆಗೆ ಸಾಲಾಗಿ ಕೊಡಲಿ, ಕುಡಗೋಲು ತೂಗುತ್ತಿದ್ದವು. ಬಂದವರು ಇವೇನು ಹಿರಿಯರು ಯುದ್ಧದಲ್ಲಿ ಹಿಡಿದವೇ ಎಂದು ಕೇಳುತ್ತಿದ್ದರು. ಅವೆಲ್ಲ ಅಪ್ಪ ಮುದುಕಿಯರಿಂದ ಕಸಿದುಕೊಂಡವು. ಇಷ್ಟೆಲ್ಲ ಇದ್ದರೂ ಮನೆಯ ಮುಂಬಾಗಿಲಿಗೆ ಮಾತ್ರ ಚೌಕಟ್ಟಿರಲಿಲ್ಲ, ಕದವಿರಲಿಲ್ಲ. ಬಿದಿರಿನ ತಟ್ಟಿಯೊಂದನ್ನು ಹಗ್ಗದಿಂದ ಕಟ್ಟಿದ್ದರು. ಗಾರ್ಡನ ಮನೆಗೆ ತಟ್ಟಿಯ ಬಾಗಿಲು ಕಂಡರೆ ಮೇಲಿನವರು, ಪಾಪ, ಒಂದು ಹಲಗೆಯನ್ನೂ ಮುಟ್ಟದ ಮನುಷ್ಯ, ಎಂದುಕೊಳ್ಳಲಿ ಎಂಬುದು ಅಪ್ಪನ ಉಪಾಯ. ಆದರೆ ಅವನ ಜೀವದ ಆಸೆ ಇದ್ದುದು ಆ ಬಾಗಿಲ ಮೇಲೆಯೇ. ಉಂಡು ಕೈ ತೊಳೆದಮೇಲೆ ತಟ್ಟಿಯ ಎದುರು ನಿಂತು, ಗೇಣಿನಿಂದ ಗೋಡೆ ಅಳೆದು, ನಿಟ್ಟುಸಿರು ಬಿಟ್ಟು ಮಲಗುತ್ತಿದ್ದ.

ಅಪ್ಪನಿಗೆ ಎರಡು ದನಿಗಳಿದ್ದವು, ಒಲೆಗಳ ಹಾಗೆಯೇ. ಮೊದಲನೆಯದು ಹೊಟ್ಟೆಯಿಂದ ಬರುವ ಗಡಸು ದನಿ. ಅದು ಕಟ್ಟಿಗೆಯ ಹೊರೆ ಹೊತ್ತು ಬರುವ ಹೆಂಗಸರಿಗೆ ಮೀಸಲು. ನಮ್ಮ ಪಕ್ಕದ ಮನೆಯ ಗಂಗವ್ವ ಒಣಗಿದ ಪುರಳೆ ಕಡ್ಡಿ ಹೊತ್ತು ಅಡವಿಯಿಂದ ಇಳಿದರೆ ಸಾಕು, ಅಪ್ಪ ದಾರಿಯ ನಡುವೆ ಕಾಲು ಅಗಲಿಸಿ ನಿಲ್ಲುತ್ತಿದ್ದ.

"ಏನ ಬೇ ಗಂಗವ್ವ, ಸರಕಾರದ ಅಡವಿ ನಿಮ್ಮಪ್ಪ ನೆಟ್ಟಾನೇನ? ಇಳಸ ಹೊರಿ!"

"ನಮ್ಮಪ್ಪ ನೆಟ್ಟಿಲ್ಲೋ ಯಪ್ಪಾ. ನಿಮ್ಮಪ್ಪನೂ ನೆಟ್ಟಿಲ್ಲ. ಬಿದ್ದ ಪುರಳಿ ಐತಿ, ನಾ ಆರಸದಿದ್ರ ಗೆದ್ದಲ ಆರಸತೈತಿ."

"ಗೆದ್ದಲಕ್ಕ ಪರವಾನಗಿ ಐತಿ. ನಿನಗೈತೇನ?"

ಎರಡನೆಯದು ಮೂಗಿನಿಂದ ಸಣ್ಣಗೆ ಸೋರುವ ದನಿ. ಅದು ರೇಂಜರ್ ಸಾಹೇಬರಿಗೆ. ಅವರು ಕುದುರೆಯ ಮೇಲೆ ಕುಳಿತು ಮೀಸೆ ತೀಡುತ್ತ ಏನೇ ಅಂದರೂ ಅಪ್ಪನ ನಡು ಬಿಲ್ಲಾಗಿ, ಕುತ್ತಿಗೆ ಅಂಗಿಯೊಳಗೆ ಇಳಿದು, "ಹೂಂನ್ರಿ ಸಾಹೇಬ್ರ, ಹಂಗs ರಿ ಸಾಹೇಬ್ರ" ಎಂಬ ನೀರು ಹೊರಡುತ್ತಿತ್ತು. ನಾನು ಎರಡನ್ನೂ ಕಲಿತೆ. ಸಾಲೆಯಲ್ಲಿ ಮಗ್ಗಿ ಬಾರದ ಹುಡುಗನಿಗೆ ಊರಿನ ಗಂಟಲೆಲ್ಲ ಬರುತ್ತಿತ್ತು. ಗಂಗವ್ವನ ಏದುಸಿರು, ಮಾಸ್ತರರ ಸೀನು, ಅಯ್ಯನವರು ಕಾಣಿಕೆಯ ತಟ್ಟೆ ಖಾಲಿ ಕಂಡಾಗ ಮಂತ್ರ ಮೊಟಕು ಮಾಡುವ ಬಗೆ, ಸಾಹೇಬರು ಕುದುರೆಯಿಂದ ಇಳಿಯುವಾಗ ಹೊಟ್ಟೆ ಮೊದಲು, ಅವರು ಆಮೇಲೆ ಇಳಿಯುವ ರೀತಿ. ಅಪ್ಪ ತಟ್ಟಿ ಎಳೆದು, ಓಣಿಯಲ್ಲಿ ಯಾರೂ ಇಲ್ಲವೆಂದು ನೋಡಿ, "ಒಂದ ಸಲ ಸಾಹೇಬ್ರನ್ನ ಮಾಡಲೇ ಬಸ್ಯಾ" ಎನ್ನುತ್ತಿದ್ದ. ನಾನು ಮಾಡಿದರೆ ಬಾಯಿಗೆ ಪಂಚೆ ತುರುಕಿಕೊಂಡು ನಗುತ್ತಿದ್ದ. ಅಪ್ಪನನ್ನೇ ಮಾಡಿದರೆ ಮಾತ್ರ ಬೆನ್ನಿಗೆ ಪಟ್ಟಿ ಬೀಳುತ್ತಿತ್ತು. ಬೀಳುವಾಗಲೂ ನಾನು ಯಾವ ದನಿಯಲ್ಲಿ ಅಳುವುದೆಂದು ಆರಿಸಿಕೊಳ್ಳುತ್ತಿದ್ದೆ. ಗಂಗವ್ವನ ದನಿಯಲ್ಲಿ ಅತ್ತರೆ ಏಟು ಬೇಗ ನಿಲ್ಲುತ್ತಿದ್ದವು.

ಈ ಮನೆಯಲ್ಲಿ ಕದಿಯದವಳು ಒಬ್ಬಳೇ, ಅಪ್ಪನ ತಾಯಿ, ನಮ್ಮ ಆಯಿ. ಅದೂ ದೊಡ್ಡ ಗುಣವೇನಲ್ಲ, ಕದ್ದದ್ದರ ಮೇಲೆ ಮಲಗುತ್ತಿದ್ದಳು, ಕದ್ದದ್ದರಲ್ಲಿ ಬೆಂದದ್ದನ್ನು ಉಣ್ಣುತ್ತಿದ್ದಳು. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಅವಳ ತವರು ರಾಮದುರ್ಗದಾಚೆಯ ತೊರಗಲ್, ಮರವಿಲ್ಲದ ಕೋಟೆಯ ಊರು.

"ಕೋಟಿಗ್ವಾಡಿ ನೆರಳ ಬಿಟ್ರ ಬ್ಯಾರೆ ನೆರಳ ಇರಲಿಲ್ಲೋ ನಮಗ. ಬಿಸಲ ಸರದಂಗ ಗ್ವಾಡಿ ಸುತ್ತ ನಾವೂ ಸರೀತಿದ್ವಿ, ನಾಯಿಗಳೂ ಸರೀತಿದ್ದವು" ಎನ್ನುತ್ತಿದ್ದಳು.

ಸೊಸೆಯಾಗಿ ಇಲ್ಲಿಗೆ ಬಂದ ವರ್ಷ ಅಡವಿಯಂಚಿನ ದಾರಿಯಲ್ಲಿ ಅವಳಿಗೆ ಒಂದು ಹೊನ್ನೆಯ ಸಸಿ ಕಂಡಿತಂತೆ, ಮೊಳದುದ್ದದ್ದು. ಎಮ್ಮೆ ತಿನ್ನದಿರಲೆಂದು ಸುತ್ತ ಜಾಲಿಮುಳ್ಳು ಇಟ್ಟಳು. ಮುಳ್ಳು ಕದ್ದವರನ್ನು ಬೈದು ಮತ್ತೆ ಇಟ್ಟಳು. ನಾನು ಕಾಣುವ ಹೊತ್ತಿಗೆ ಅದು ಇಬ್ಬರು ತಬ್ಬಿದರೂ ಸಿಗದ ಮರ. ಬುಡದಲ್ಲಿ ಎದೆಯೆತ್ತರದ ಹೊರೆಗಲ್ಲು ಇತ್ತು. ಹೆಂಗಸರು ತಲೆಯ ಹೊರೆಯನ್ನು ಅದರ ಮೇಲೆ ಇಳಿಸಿ, ಕುತ್ತಿಗೆ ತಿರುವಿ, ಅಪ್ಪನ ವಂಶವನ್ನೆಲ್ಲ ಬೈದು ಮುಂದೆ ಹೋಗುತ್ತಿದ್ದರು. ಆಯಿ ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಲೆ ಉಂಡು ಅಲ್ಲಿಗೆ ಹೋಗಿ ಕುಳಿತು ಆ ಬೈಗುಳಕ್ಕೆ ಹೂಂಗುಟ್ಟುತ್ತಿದ್ದಳು. ಆ ಮರದ ಮೇಲೆ ರೇಂಜರ್ ಸಾಹೇಬರ ಕಣ್ಣಿತ್ತು. ಮಗಳ ಮದುವೆಗೆ ಮಂಚ, ಸಂದೂಕ, ಇನ್ನೇನೇನೋ ಆಗಬೇಕಿತ್ತು. ಬಂದಾಗಲೆಲ್ಲ ಮರವನ್ನು ತಟ್ಟಿ ತಟ್ಟಿ ನೋಡುತ್ತಿದ್ದರು, ಸಂತೆಯಲ್ಲಿ ಹೋರಿಯ ತೊಡೆ ತಟ್ಟುವವರ ಹಾಗೆ. ಆದರೆ ಕಾಯ್ದೆಯ ಪ್ರಕಾರ ಗಡಿಯ ಮೇಲಿನ ಹಸಿ ಮರಕ್ಕೆ ಕೊಡಲಿ ಬೀಳಬೇಕಾದರೆ ಅದಕ್ಕೆ ರೋಗ ಬಂದಿರಬೇಕು, ರೋಗ ಬಂದಿದೆಯೆಂದು ಗಾರ್ಡ್ ತನ್ನ ಸುತ್ತಿಗೆಯಿಂದ ಶಿಕ್ಕೆ, ಅಂದರೆ ಸರಕಾರದ ಮುದ್ರೆ, ಹೊಡೆದಿರಬೇಕು. ಆ ಒಂದು ವಿಷಯದಲ್ಲಿ ಅಪ್ಪ ತಾಯಿಗೆ ಮಾತು ಕೊಟ್ಟಿದ್ದ.

"ನೀ ಇರೂತನಕ ನಿನ್ನ ಗಿಡಕ್ಕ ಶಿಕ್ಕಾ ಹಾಕಂಗಿಲ್ಲಬೇ ಯವ್ವಾ. ಆ ಸಾಹೇಬ ತಲಿಕೆಳಗಾಗಿ ನಿಲ್ಲಲಿ."

"ನಾ ಸತ್ತ ಮ್ಯಾಲ?"

"ಸತ್ತ ಮ್ಯಾಲ ನೋಡೂಣಂತ."

ಆ ಸುತ್ತಿಗೆ ಇರುತ್ತಿದ್ದುದು ದೇವರ ಜಗಲಿಯ ಮೇಲೆ. ಒಂದು ಮುಖ ಸಪಾಟು, ಇನ್ನೊಂದು ಮುಖದಲ್ಲಿ ಉಬ್ಬಿದ ಅಕ್ಷರ. ದಸರೆಯ ಖಂಡೇಪೂಜೆಯ ದಿನ ಮನೆಯ ಆಯುಧಗಳಿಗೆಲ್ಲ ವಿಭೂತಿ ಬಳಿದು, ಚೆಂಡುಹೂ ಇಟ್ಟು, ಹೋಳಿಗೆ ಎಡೆ ಹಿಡಿಯುತ್ತಿದ್ದರು. ಆಯಿ ತನ್ನ ತವರಿನಿಂದ ತಂದ ಒಂದು ನಿಯಮವಿತ್ತು. ಪೂಜೆಗೊಂಡ ಆಯುಧ ಹಸಿದು ಕೂಡಬಾರದು. ಎಡೆ ಹಿಡಿದದ್ದು ದೇವರಿಗೆ, ಆಯುಧದ ಊಟ ಅದರ ಕೆಲಸ. ಆದ್ದರಿಂದ ಕುಡಗೋಲು ಒಂದು ದಂಟಾದರೂ ಕೊಯ್ಯಬೇಕು, ಕೊಡಲಿ ಒಂದು ಚಕ್ಕೆ ಎಬ್ಬಿಸಬೇಕು, ಒನಕೆ ಒಂದು ಹಿಡಿ ಕುಟ್ಟಬೇಕು. ಆಮೇಲೆಯೇ ಮನೆಯವರ ಊಟ. ಸುತ್ತಿಗೆಗಾಗಿ ಅಪ್ಪ ಹಿತ್ತಲಿನ ಒಣ ಕೊರಡಿಗೆ ಒಂದು ಶಿಕ್ಕೆ ಒತ್ತುತ್ತಿದ್ದ. ಆ ಕೊರಡಿನ ಮೇಲೆ ಎಷ್ಟೋ ವರ್ಷದ ಅಕ್ಷರಗಳು ಒಂದರ ಮೇಲೊಂದು ಬಿದ್ದು ಅದು ಸಿಡುಬಿನ ಮುಖವಾಗಿತ್ತು. ಒಂದು ವರ್ಷ ಆ ದಿನ ಅಪ್ಪ ಮನೆಯಲ್ಲಿರಲಿಲ್ಲ. ಕಿತ್ತೂರಿನಲ್ಲಿ ಸಾಹೇಬರ ಕುದುರೆಗೆ ಪೂಜೆ ಮಾಡಲು ಹೋಗಿದ್ದ. ಸ್ವಂತ ದೇವರು ಒಂದು ದಿನ ಕಾಯಬಹುದು, ಸಾಹೇಬರ ಕುದುರೆ ಕಾಯುತ್ತದೆಯೇ?

ಹೋಳಿಗೆಯ ವಾಸನೆಗೆ ನನ್ನ ಹೊಟ್ಟೆ ಕೂಗುತ್ತಿತ್ತು. ಆಯಿ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟಳು.

"ಹೋಗ, ಹಿತ್ತಲದಾಗ ಕೊರಡಕ್ಕ ಒಂದ ಏಟ ಹಾಕಿ ಬಾ. ನಿಮ್ಮಪ್ಪ ಹೊಡದಂಗs ಹೊಡಿ, ಆಟ ಮಾಡಬ್ಯಾಡ."

ಅಪ್ಪನಂತೆ ಹೊಡಿ ಎಂದಳಲ್ಲ, ಅಲ್ಲಿಯೇ ಕೆಟ್ಟಿತು. ನಾನು ಅಪ್ಪನ ಹಳೆಯ ಖಾಕಿ ಅಂಗಿ ತೊಟ್ಟೆ. ಮೊಣಕಾಲಿನ ಕೆಳಗೆ ಬರುತ್ತಿತ್ತು. ರುಮಾಲು ಸುತ್ತಿದೆ. ಅಂಗಿಯೊಳಗೆ ಆಯಿಯ ದಿಂಬು ತುರುಕಿ ಸಾಹೇಬರ ಹೊಟ್ಟೆ ಮಾಡಿಕೊಂಡೆ. ಹೊರಗೆ ಬಂದರೆ ಓಣಿಯ ಹುಡುಗರೆಲ್ಲ ಹಿಂದೆ. ಅಷ್ಟು ಮಂದಿ ನೋಡುವವರಿರುವಾಗ ಹಿತ್ತಲಿನ ಸಿಡುಬು ಕೊರಡಿನ ಎದುರು ಆಟ ಕಟ್ಟಲು ನಾನೇನು ಹುಚ್ಚನೇ? ಮೆರವಣಿಗೆ ಹೊನ್ನೆಯ ಮರಕ್ಕೆ ಹೋಯಿತು. ಹೊರೆಗಲ್ಲಿನ ಬಳಿ ಗಂಗವ್ವ ಮತ್ತೆ ನಾಲ್ಕು ಜನ ಕುಳಿತಿದ್ದರು. ನಾನು ಸಾಹೇಬರಾಗಿ ಮರದ ತೊಡೆ ತಟ್ಟಿದೆ, ಮೀಸೆ ತೀಡಿದೆ, "ರುದ್ರಪ್ಪಾ, ಗಿಡಕ್ಕ ಜಡ್ಡ ಐತೇನು?" ಎಂದೆ. ಹಾರಿ ಆಚೆ ನಿಂತು ಅಪ್ಪನಾಗಿ, ನಡು ಬಗ್ಗಿಸಿ, "ಹೂಂನ್ರಿ ಸಾಹೇಬ್ರ, ತಾವ ಅಂದ ಮ್ಯಾಲ ಐತ್ರಿ" ಎಂದೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ಗಂಗವ್ವನ ಕಣ್ಣಲ್ಲಿ ನೀರು. ಜೀವಮಾನದಲ್ಲಿ ಮೊದಲ ಸಲ ನಮ್ಮ ಮನೆಯಿಂದ ಅವಳಿಗೆ ಏನೋ ಸಿಕ್ಕಿತ್ತು. ತನ್ನ ಕೊಡಲಿಯನ್ನೇ ನನಗೆ ಕೊಟ್ಟಳು. ಅಪ್ಪ ಮಾಡುವಂತೆಯೇ ನಾನು ಎರಡು ಕಡೆ ಅಂಗೈಯಗಲ ತೊಗಟೆ ಎಬ್ಬಿಸಿದೆ. ನೆಲದ ಹತ್ತಿರ ಒಂದು ಶಿಕ್ಕೆ ಹೊಡೆದೆ. ಎರಡನೆಯದು ದೊಡ್ಡವರ ಎದೆಯ ಮಟ್ಟಕ್ಕೆ ಇರಬೇಕು ಎಂಬುದು ನನಗೆ ಗೊತ್ತಿತ್ತು, ಹೊರೆಗಲ್ಲಿನ ಮೇಲೆ ಹತ್ತಿ ಕುಳಿತು ಹೊಡೆದೆ. ಅಕ್ಷರಗಳು ಸ್ವಚ್ಛವಾಗಿ ಮೂಡಿದವು. ಸ್ವಲ್ಪ ಹೊತ್ತಿಗೆ ಅವುಗಳ ಅಂಚಿನಲ್ಲಿ ಕೆಂಪು ರಸ ಒಸರಿತು. ನನ್ನ ನಕಲು ಒಂದಿಷ್ಟು ಕೆಟ್ಟದಾಗಿದ್ದರೆ ಆ ಮರ ಉಳಿಯುತ್ತಿತ್ತು.

ಅಪ್ಪ ಬನ್ನಿ ಹಂಚಿಕೊಂಡು ತಿರುಗಿ ಬಂದು ಅಡವಿಯ ಸುತ್ತು ಹೋದಾಗ ತನ್ನದೇ ಶಿಕ್ಕೆ ಕಂಡ. ಮಧ್ಯಾಹ್ನ ತಾಟಿನ ಮುಂದೆ ಕುಳಿತವನು ರೊಟ್ಟಿ ಮುರಿಯಲಿಲ್ಲ. ನನ್ನನ್ನು ಹೊಡೆಯಲೂ ಇಲ್ಲ, ಅದರಿಂದ ನಾನು ನಿಜವಾಗಿ ಹೆದರಿದೆ.

"ಹೋಗಿ ಕೆತ್ತಿ ಬಾ" ಎಂದಳು ಆಯಿ. "ಕೊಡ್ಲೀಲೆ ನಾಕ ಏಟ. ಶಿಕ್ಕಾ ಹೋತು."

"ಶಿಕ್ಕಾ ಕೆತ್ತಿದ್ರ ಜೇಲಬೇ ಯವ್ವಾ. ಕೆತ್ತೂದು ಹಂಗಿರಲಿ, ಸುತ್ತಿಗಿ ಹುಡುಗನ ಕೈಯಾಗಿತ್ತಂತ ಗೊತ್ತಾದ್ರ ಪಟ್ಟಿ ಹೋತು, ಪಗಾರ ಹೋತು."

"ತೊಲಿ ಕದ್ದಾಗ ಜೇಲ ನೆನಪಾಗಲಿಲ್ಲೇನ? ನಾವು ಹುಗಿಯೋ ಮಂದಿ, ಸತ್ತರೂ ಕಟಗಿ ಬೇಕಿಲ್ಲ ನಮಗ. ಬದಕಿದ್ದಾಗ ಇಷ್ಟ ಕಟಗಿ ಯಾಕ ಬೇಕಾತೋ ನಿನಗ?"

ಅವ್ವ ಮಜ್ಜಿಗೆ ಬಡಿಸಲು ಬಂದು, ಇಬ್ಬರ ಮುಖ ನೋಡಿ, ತಿರುಗಿ ಹೋದಳು. ಅಪ್ಪ ಕೊಡಲಿ ಹಿಡಿದು ಅಂಗಳದವರೆಗೆ ಹೋಗಿ ಬಂದ. ಎರಡು ಸಲ. ಅದು ಅವನ ಶೌರ್ಯದ ಪೂರ್ತಿ ಉದ್ದ.

ಕೆಲಸವನ್ನು ಹೆಂಗಸರು ಕೈಗೆ ತೆಗೆದುಕೊಂಡರು. ನಮ್ಮ ಮನೆಯಲ್ಲಿ ಏನನ್ನಾದರೂ ಬಚ್ಚಿಡುವುದೆಂದರೆ ಸಗಣಿ, ಬೇರೆ ವಿದ್ಯೆ ಯಾರಿಗೂ ಗೊತ್ತಿಲ್ಲ. ಆಯಿ ಮತ್ತು ಗಂಗವ್ವ ಬುಟ್ಟಿ ತುಂಬ ಸಗಣಿ ಒಯ್ದು ಮರದ ಸುತ್ತ ಕುಳ್ಳು ತಟ್ಟಿದರು. ಎರಡು ಶಿಕ್ಕೆಗಳ ಮೇಲೆ ಒಂದೊಂದು, ಅನುಮಾನ ಬಾರದಿರಲೆಂದು ಅಕ್ಕಪಕ್ಕ ಇಪ್ಪತ್ತು. ಐದು ಬೆರಳು ಮೂಡಿದ ದುಂಡು ಕುಳ್ಳುಗಳನ್ನು ಹೊತ್ತು ಆ ದೊಡ್ಡ ಮರ ಸಿಂಗಾರಗೊಂಡ ಕೋಣದಂತೆ ನಿಂತಿತು. ಅಡವಿಯಲ್ಲಿ ಅಷ್ಟು ಸಾವಿರ ಮರಗಳಿವೆ, ಯಾವುದರ ಮೇಲೂ ಕುಳ್ಳಿಲ್ಲ, ಇದರ ಮೇಲೆ ಮಾತ್ರ ಇದ್ದರೆ ಏನು ಕಾಣುತ್ತದೆ ಎಂದು ಒಬ್ಬರಿಗಾದರೂ ಹೊಳೆಯಬೇಕಲ್ಲ? ನನಗೂ ಹೊಳೆಯಲಿಲ್ಲ. ನಾನು ಸಗಣಿ ಕಲಸಿಕೊಟ್ಟೆ.

ಸಾಹೇಬರು ಎಂಟು ದಿನ ಬಿಟ್ಟು ಬಂದರು, ಕುದುರೆಯ ಹಿಂದೆ ಅಪ್ಪ. ಆಯಿ, ಗಂಗವ್ವ, ನಾನು ಹೊರೆಗಲ್ಲಿನ ಬಳಿ ಇದ್ದೆವು. ದೂರದಿಂದಲೇ ಕುದುರೆ ನಿಲ್ಲಿಸಿದರು.

"ರುದ್ರಪ್ಪಾ! ಸರಕಾರಿ ಗಿಡದ ಮ್ಯಾಲ ಕುಳ್ಳ ಬಡದಾರು ಯಾರಲೇ?"

ಹತ್ತಿರ ಬಂದು ಕೈಯಲ್ಲಿದ್ದ ಬೆತ್ತದಿಂದ ಒಂದನ್ನು ಎಬ್ಬಿಸಿದರು. ಬರಿ ತೊಗಟೆ. ಇನ್ನೊಂದನ್ನು ಎಬ್ಬಿಸಿದರು. ಅದು ಮಗುಚಿ ಅಪ್ಪನ ಕಾಲಬಳಿ ಬಿತ್ತು. ಒಣಗಿದ ಅದರ ಬೆನ್ನ ಮೇಲೆ ಸರಕಾರದ ಅಕ್ಷರಗಳು ತಿರುವುಮುರುವಾಗಿ, ಉಬ್ಬಿ, ಮುದ್ದಾಗಿ ಮೂಡಿದ್ದವು. ಸಾಹೇಬರು ಮರ ನೋಡಿದರು, ಕುಳ್ಳು ನೋಡಿದರು, ಅಪ್ಪನನ್ನು ನೋಡಿದರು. ಅವರ ಮುಖದಲ್ಲಿ ಮಂಚ, ಸಂದೂಕ ಎಲ್ಲ ಒಂದೊಂದಾಗಿ ಬಂದು ಕುಳಿತವು.

"ನೀನs ಶಿಕ್ಕಾ ಹಾಕಿಯಲ್ಲೋ! ಮುಚ್ಚೂದ ಯಾಕ? ಜಡ್ಡ ಬಿದ್ದೈತೇನು?"

ಅಪ್ಪನ ಕುತ್ತಿಗೆ ಅಂಗಿಯೊಳಗೆ ಇಳಿಯುವುದನ್ನು ನಾನು ನೋಡಿದೆ. ಆಯಿಯೂ ನೋಡಿದಳು.

"ಹೂಂನ್ರಿ ಸಾಹೇಬ್ರ. ಒಳಗ ಹುಳ ಹತ್ತೇತ್ರಿ."

"ಹುಳ ಗಿಡದಾಗಿಲ್ಲರಿ, ಇವನ ನಾಲಿಗ್ಯಾಗೈತಿ!" ಆಯಿ ಕುದುರೆಯ ಮೂತಿಯ ಮುಂದೆ ಬಂದು ನಿಂತಳು. ಅವಳ ಕೈ ಅಂದೂ ಸಗಣಿಯಾಗಿತ್ತು. "ಸಾಹೇಬ್ರ, ಇಂವಾ ಹೊಡದಿಲ್ಲ. ಇದು ನನ್ನ ಮೊಮ್ಮಗ ಆಟದಾಗ ಹೊಡದದ್ದು. ನಾನs ಸುತ್ತಿಗಿ ಕೊಟ್ಟೇನಿ. ಬೇಕಂದ್ರ ಕೇಳ್ರಿ ಅವನ್ನ. ಬಸ್ಯಾ, ಹೇಳೋ ತಮ್ಮಾ. ನೀ ಹೊಡದಿಯಿಲ್ಲೋ?"

ಎಲ್ಲರೂ ನನ್ನ ಕಡೆ ತಿರುಗಿದರು. ಊರಿನ ಗಂಟಲೆಲ್ಲ ನನ್ನ ಗಂಟಲಲ್ಲಿದ್ದವು. ಗಂಗವ್ವನಾಗಿ ಅಳಬಹುದಿತ್ತು. ಸಾಹೇಬರಾಗಿ ಗದರಿ ಎಲ್ಲರನ್ನೂ ನಗಿಸಬಹುದಿತ್ತು. ಅಂದು ಮಾಡಿದ ಆಟವನ್ನೇ ಇನ್ನೊಮ್ಮೆ ಆಡಿ ತೋರಿಸಿದ್ದರೆ, ಹೊರೆಗಲ್ಲಿನ ಮೇಲೆ ಹತ್ತಿ ಕುಳಿತಿದ್ದರೂ ಸಾಕಿತ್ತು, ಅವರಿಗೆ ಸಾಕ್ಷಿ ಸಿಗುತ್ತಿತ್ತು. ಅಪ್ಪ ನನ್ನತ್ತ ನೋಡಲಿಲ್ಲ, ತನ್ನ ಸೊಂಟದ ಪಟ್ಟಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಂತಿದ್ದ. ಯಾರೋ ಕಸಿಯುತ್ತಾರೆ ಎನ್ನುವ ಹಾಗೆ. ನಾನು ಬಾಯಿ ತೆರೆದೆ. ನಡು ತಾನಾಗಿ ಬಗ್ಗಿತು. ಮೂಗಿನಿಂದ ಸಣ್ಣಗೆ ಸೋರಿತು.

"ಇಲ್ರಿ ಸಾಹೇಬ್ರ."

ಅದು ನಾನು ಮಾಡಿದ ಅಪ್ಪನ ನಕಲುಗಳಲ್ಲೆಲ್ಲ ಶ್ರೇಷ್ಠವಾದದ್ದು, ಯಾಕೆಂದರೆ ಮಾಡುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ. ಗಂಗವ್ವ ನಗಲಿಲ್ಲ. ಸಾಹೇಬರು ನಕ್ಕು, ಕಿಸೆಯಿಂದ ಒಂದು ಬತ್ತಾಸು ತೆಗೆದು ಕೊಟ್ಟರು.

"ಶಾಣ್ಯಾ ಆಗ್ಯಾನ ಮಗ. ಮುದುಕಿ, ಸರಕಾರಿ ಶಿಕ್ಕಾ ಹುಡುಗೂರ ಆಟ ಅಲ್ಲ, ಮನಿಗೆ ನಡಿ."

ಬತ್ತಾಸನ್ನು ಎಸೆದೆ ಎಂದು ಬರೆಯಲು ಆಸೆ. ಮನೆ ಮುಟ್ಟುವ ಮೊದಲೇ ತಿಂದಿದ್ದೆ.

ಮರ ಕಡಿಯಲು ಎರಡು ದಿನ ಹಿಡಿಯಿತು. ಕೆಂಪು ರಸ ಹೊರೆಗಲ್ಲಿನ ಮೇಲೆಲ್ಲ ಹರಿದು ಹೆಪ್ಪುಗಟ್ಟಿತು. ಒಳಗೆ ಒಂದು ಹುಳವಿರಲಿಲ್ಲ. ಸಾಹೇಬರು ಉದ್ದನೆಯ ದಿಮ್ಮಿಗಳನ್ನೆಲ್ಲ ಗಾಡಿಗೆ ಹೇರಿಸಿಕೊಂಡು ಹೋದರು. ಬೀಳುವಾಗ ಸೀಳು ಬಿಟ್ಟ ಬುಡದ ತುಂಡನ್ನು, ನಾಯಿಗೆ ಎಲುಬು ಹಾಕಿದಂತೆ, ಅಪ್ಪನಿಗೆ ಬಿಟ್ಟರು. ಅಪ್ಪ ಸರಕಾರದ ಎದುರಿಗೇ, ಹಾಡುಹಗಲು, ಅದನ್ನು ಮನೆಗೆ ತಂದ. ಬಡಿಗ ಬಂದು ಚೌಕಟ್ಟು ಕೆತ್ತಿದ. ಕೊನೆಗೂ ನಮ್ಮ ಮನೆಗೆ ಮುಂಬಾಗಿಲಾಯಿತು. ಎಡಗಂಬದ ಮೇಲೆ ನಾನು ಹೊಡೆದ ಶಿಕ್ಕೆ ಇತ್ತು. ಬಡಿಗ ಅದನ್ನು ಉಜ್ಜಿ ತೆಗೆಯಲು ಹೋದಾಗ ಅಪ್ಪ ಅವನ ಕೈ ಹಿಡಿದ.

"ಇರಲಿ ಬಿಡೋ. ಈ ಮನ್ಯಾಗ ಶಿಕ್ಕಾ ಇದ್ದ ಕಟಗಿ ಇದೊಂದs."

ನಿಜ. ನಮ್ಮ ಮನೆಯಲ್ಲಿ ಕದಿಯದ ಮರವೆಂದರೆ ಅದೊಂದೇ.

ಆಯಿ ಆ ಬಾಗಿಲನ್ನು ದಾಟಲಿಲ್ಲ. ಬೈಯಲಿಲ್ಲ, ಅಳಲಿಲ್ಲ, ತನ್ನ ಬಾಯಿಯನ್ನು ಅಪ್ಪನಿಗೆ ಖರ್ಚು ಮಾಡುವುದನ್ನೇ ನಿಲ್ಲಿಸಿದಳು. ಹೋಗುವುದು ಬರುವುದು ದನದ ಕೊಟ್ಟಿಗೆಯ ಕಡೆಯಿಂದ, ಎಮ್ಮೆಯ ಹಿಂದೆ ಎಮ್ಮೆಯಂತೆ. ಮಧ್ಯಾಹ್ನ ಕಡಿದ ಬುಡದ ಸುತ್ತ ಮತ್ತೆ ಜಾಲಿಮುಳ್ಳು ಇಟ್ಟಳು. ಮಳೆಗೆ ಒಂದು ಚಿಗುರು ಒಡೆಯಿತು, ಅದನ್ನು ಗಂಗವ್ವನ ಆಡು ತಿಂದಿತು. ಆ ಆಡು ಅಗಿಯುವುದನ್ನೂ ನಾನು ಮಾಡಿ ತೋರಿಸಬಲ್ಲೆ. ಆಯಿ ಸತ್ತಾಗ ಅವಳನ್ನು ಕುಳ್ಳಿರಿಸಿ ಸಿಂಗರಿಸಿದರು. ಮುಂದಿನಿಂದ ಒಯ್ಯಬೇಕೋ ಹಿಂದಿನಿಂದಲೋ ಎಂದು ಅಯ್ಯನವರು ಕೇಳಿದರು. ಅವ್ವ, ಜೀವನದಲ್ಲಿ ಒಮ್ಮೆ, ಅಪ್ಪನಿಗಿಂತ ಮೊದಲು ಮಾತಾಡಿದಳು.

"ಆಕಿ ಬಾಗಲಾ ಹಿಂದೈತ್ರಿ."

ಹೊತ್ತವರು ಸಗಣಿ ತುಳಿಯುತ್ತ, ಗೊಣಗುತ್ತ, ಕೊಟ್ಟಿಗೆಯಿಂದಲೇ ಹೊರಟರು.

ಅಪ್ಪನೂ ಹೋದ, ಪಟ್ಟಿ, ಸುತ್ತಿಗೆ ಎಲ್ಲ ಇನ್ನೊಬ್ಬರ ಮನೆಯ ಜಗಲಿಗೆ ಹೋದವು. ಬಾಗಿಲಿದೆ. ಶಿಕ್ಕೆಯ ಮೇಲೆ ಅವ್ವ ದಿನಾಲು ವಿಭೂತಿ, ಕುಂಕುಮ ಇಟ್ಟು ಇಟ್ಟು ಅದು ಈಗ ಯಾವುದೋ ದೇವರಾಗಿದೆ. ಹೊಸದಾಗಿ ಬಂದ ಸೊಸೆಯಂದಿರು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ನನ್ನ ಮೊದಲ ಮತ್ತು ಕೊನೆಯ ಕೆತ್ತನೆಗೆ ಇಷ್ಟು ಭಕ್ತರು. ಉದ್ದನೆಯದೆಲ್ಲ ಸಾಹೇಬರ ಪಾಲಾದ್ದರಿಂದ ಚೌಕಟ್ಟು ಗಿಡ್ಡ. ಒಳಗೆ ಬರುವವರು ನಡುವನ್ನೇ ಬಗ್ಗಿಸಬೇಕು, ಮರೆತರೆ ಹಣೆ ಒಡೆಯುತ್ತದೆ. ನಾನು ಅಪ್ಪನಿಗಿಂತ ಒಂದು ಗೇಣು ಎತ್ತರ, ಅಷ್ಟೇ ಹೆಚ್ಚು ಬಗ್ಗಬೇಕು. ಓಣಿಯವರು ಕಟ್ಟೆಯ ಮೇಲಿಂದ ನೋಡುತ್ತಿರುತ್ತಾರೆ.

"ಗಾರ್ಡಪ್ಪನ ಮಗಾ ನೋಡ್ರಿ, ಹೊಸ್ತಲಾ ದಾಟೂಮುಂದ ಎಷ್ಟ ಬಗ್ಗತಾನ. ಹಿರ್‍ಯಾರ ಕಲಿಸಿದ್ದು."

ಹಿತ್ತಲಿನಲ್ಲಿ ಕೊಟ್ಟಿಗೆಯ ಬಾಗಿಲು ಈಗಲೂ ತೆರೆದಿರುತ್ತದೆ. ಎತ್ತರವಾಗಿದೆ, ತಲೆಯೆತ್ತಿಕೊಂಡೇ ಬರಬಹುದು. ನಾನು ಅಲ್ಲಿಂದ ಬರುವುದಿಲ್ಲ. ಮುಂದಿನಿಂದಲೇ ಬಗ್ಗಿ, ಚೌಕಟ್ಟಿನ ಕೆಳಗಿನಿಂದಲೇ ಅವರಿಗೆ ಉತ್ತರ ಕೊಡುತ್ತೇನೆ. "ಹೂಂನ್ರಿ" ಎನ್ನುತ್ತೇನೆ, ಮೂಗಿನಿಂದ, ಸಣ್ಣಗೆ.